ತಗಡಿನ ಶೆಡ್ ಬೇಸಿಗೆಯಲ್ಲಿ ಒಲೆ ಆಗಿದೆ, ಮೇಲೆ ಹುಳ-ಹುಪ್ಪಟೆ ಕಾಟ. ಏನ್ ಮಾಡೋದು?

ಸ್ಪ್ಯಾನರ್_ಕಾಕಾ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ನಾನಿದ್ದ ಕಾಲಕ್ಕೆ ಅದು ಈಶಾನ್ಯ ಕರ್ನಾಟಕ ಸಾರಿಗೆ. 2021ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬದಲಾಯಿತು. ಹೊಸ ಹೆಸರಿನ ಪಗಾರ ಒಂದು ವರ್ಷ ತಗೊಂಡು ರಿಟೈರ್ ಆದೆ. ಮನೆಯಲ್ಲಿ ಕೈ ಸುಮ್ನೆ ಕೂರೋದಿಲ್ಲ. ಕಾರ್ ನಿಲ್ಲಿಸೋಕೆ ಅಂತ ಮಗ ಕಟ್ಟಿಸಿದ ಶೆಡ್‌ನಲ್ಲೇ ಹಳೇ ಚೇತಕ್, ಲೂನಾ ಬಿಚ್ಚಿ ಜೋಡಿಸ್ತಾ ಇರ್ತೀನಿ. ದುಡ್ಡಿಗಲ್ಲ, ಹುಚ್ಚಿಗೆ. ನಮ್ಮ ಮನೆಯವರು ದಿನಾ ಅಂತಾರೆ, "ನೀವು ಡಿಪೋ ಬಿಟ್ಟ್ರೂ ಡಿಪೋ ನಿಮ್ಮನ್ನ ಬಿಡವಲ್ದು."

ಶೆಡ್ ಹೇಗಿದೆ ಅಂದ್ರೆ, ಅಗಲ 11 ಅಡಿ, ಉದ್ದ 18 ಅಡಿ, ಎತ್ತರ 9 ಅಡಿ. ಮೇಲೆ ನೀಲಿ ಬಣ್ಣದ ತಗಡು. ಕೆಳಗೆ ಶಹಾಬಾದ್ ಪರಸಿ. ಎಡಕ್ಕೆ ಕಾಂಪೌಂಡ್ ಗೋಡೆ, ಬಲಕ್ಕೆ ಮನೆ ಗೋಡೆ, ಹಿಂದೆ ಒಂದು ಸಣ್ಣ ಓಣಿ. ಮುಂದಿನ ರೋಲಿಂಗ್ ಶಟರ್ ಪಡುವಣಕ್ಕೆ. ಅಲ್ಲೇ ಕೆಟ್ಟಿದ್ದು ಕೆಲಸ. ಮಧ್ಯಾಹ್ನ ಮೂರಕ್ಕೆ ಬಿಸಿಲು ಶಟರ್ ಮೇಲೆ ಬಿತ್ತು ಅಂದ್ರೆ ಸಂಜೆ ಆರರವರೆಗೂ ಇಳಿಯೋದಿಲ್ಲ.

ಒಂದು ಥರ್ಮಾಮೀಟರ್ ತಂದು ತೂಗು ಹಾಕಿದ್ದೀನಿ. ನಿನ್ನೆ ಮಧ್ಯಾಹ್ನ ಹೊರಗೆ ಬೇವಿನ ಮರದ ನೆರಳಲ್ಲಿ 41, ಶೆಡ್ ಒಳಗೆ 46. ರಾತ್ರಿ ಒಂಬತ್ತಕ್ಕೂ 38. ಪಾನಾ ಹಿಡಿದರೆ ಕೈ ಚುರ್ ಅನ್ನುತ್ತೆ. ಮೂಲೆಯಲ್ಲಿಟ್ಟಿದ್ದ ಇನ್ವರ್ಟರ್ ಬ್ಯಾಟರಿ ಎರಡೂವರೆ ವರ್ಷಕ್ಕೆ ಸತ್ತಿತು. ಅದು ನನ್ನದೇ ತಪ್ಪು. ಲೆಡ್ ಬ್ಯಾಟರಿಗೆ 25 ಡಿಗ್ರಿ ಹಿತ, ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಹತ್ತಿರ ಹತ್ತಿರ ಅರ್ಧ ಆಗುತ್ತೆ ಅಂತ ಡಿಪೋದಲ್ಲಿ ಹುಡುಗರಿಗೆ ಹೇಳಿಕೊಟ್ಟವನೇ ನಾನು.

ಇದುವರೆಗೆ ಮಾಡಿದ್ದು: ಮೊದಲು ತಗಡಿನ ಮೇಲೆ ಗೋಣಿ ಚೀಲ ಹಾಸಿ ನೀರು ಹೊಡೆದೆ. ತಂಪಾಯ್ತು, ಒಂದು ತಾಸು. ಆಮೇಲೆ ಸ್ಕ್ರೂ ಸುತ್ತ ತುಕ್ಕು ಹಿಡೀತು. ಹೋದ ವರ್ಷ ಒಬ್ಬರ ಮಾತು ಕೇಳಿ ತಗಡಿನ ಒಳಮೈಗೆ ಥರ್ಮೊಕೋಲ್ ಅಂಟಿಸಿದೆ. ಏಪ್ರಿಲ್‌ಗೆ ಅಂಟು ಕರಗಿ ಒಂದೊಂದೇ ಹಾಳೆ ತಲೆ ಮೇಲೆ ಬಿತ್ತು. ಉಳಿದದ್ದನ್ನು ಇಲಿ ಕಡಿದು ಗೂಡು ಮಾಡಿತು. ಆಮೇಲೆ ಕೂಲರ್ ತಂದೆ. ಅದರ ನೀರಲ್ಲಿ ಸೊಳ್ಳೆ.

ಹುಳಗಳ ಕಥೆ ಬೇರೆ. ಮೋರಿ ಕಡೆಯಿಂದ ಜಿರಳೆ. ರಾತ್ರಿ ಟ್ಯೂಬ್‌ಲೈಟ್ ಹಚ್ಚಿದರೆ ಊರ ಹುಳವೆಲ್ಲ ಇಲ್ಲೇ. ಬಿಚ್ಚಿಟ್ಟ ಕಾರ್ಬೊರೇಟರ್ ತೂತಿನೊಳಗೆ ಕಣಜ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಅದನ್ನ ನೋಡದೆ ಹಾಗೇ ಜೋಡಿಸಿ, ಗಾಡಿ ಯಾಕೆ ಚಾಲೂ ಆಗ್ತಿಲ್ಲ ಅಂತ ಅರ್ಧ ದಿನ ಕಿಕ್ ಹೊಡೆದಿದ್ದೀನಿ. ಆದರೆ ಇವತ್ತು ಇಲ್ಲಿ ಬರೆಯೋಕೆ ಕಾರಣ ಬೇರೆ. ಸೋಮವಾರ ಹದಿನಾಲ್ಕರ ಸ್ಪ್ಯಾನರ್ ತಗೊಳ್ಳೋಕೆ ಟ್ರೇ ಒಳಗೆ ಕೈ ಹಾಕಿದೆ. ಎರಡು ಬೆರಳು ಆಚೆಗೆ ಚೇಳು, ಬಾಲ ಎತ್ತಿಕೊಂಡು ಕೂತಿತ್ತು. ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗಳಿದ್ದಾಳೆ. ಶೆಡ್‌ಗೆ ಓಡಿ ಬರ್ತಾಳೆ.

ಎಸಿ ಹಾಕಿ ಅಂತ ಹೇಳಬೇಡಿ. ಪಿಂಚಣಿ ಎಷ್ಟು ಅಂತ ನನಗೆ ಗೊತ್ತು.

*

ಕಣಕಿ_ಬಣವೆ (ಸೇಡಂ)

ಕಾಕಾ, ನಮ್ಮ ಹೊಲದ ಮನೆಗೆ ತಗಡಿನ ಮೇಲೆ ಜೋಳದ ಕಣಕಿ ಒಂದು ಅಡಿ ದಪ್ಪ ಹಾಕಿದ್ದೀವಿ. ಒಳಗೆ ಮಲಗಿದರೆ ಫ್ಯಾನೂ ಬೇಡ. ಬೇಕಾದ್ರೆ ಒಂದು ಗಾಡಿ ಕಣಕಿ ಕಳಿಸ್ತೀನಿ, ದುಡ್ಡು ಬೇಡ.

*

ಸ್ಪ್ಯಾನರ್_ಕಾಕಾ

ತಮ್ಮಾ, ನಿನ್ನ ಮನಸ್ಸು ದೊಡ್ಡದು. ಆದರೆ ಕೆಳಗೆ ಪೆಟ್ರೋಲ್, ಗ್ರೀಸ್, ಎಣ್ಣೆ ಬಟ್ಟೆ. ನಾನು ಆಗಾಗ ವೆಲ್ಡಿಂಗ್ ಬೇರೆ ಮಾಡ್ತೀನಿ. ಒಂದು ಕಿಡಿ ಸಾಕು. ಕಣಕಿ ಎತ್ತಿಗೇ ಇರಲಿ.

*

ರಾಯಚೂರು_ಶೀಟ್

ಅಣ್ಣಾರೆ, ನಾನು ಶೆಡ್ ಕಟ್ಟೋ ಕೆಲಸದವನು, ಹದಿನೇಳು ವರ್ಷ ಆಯ್ತು. ಮೊದಲು ಒಂದು ಪರೀಕ್ಷೆ ಮಾಡಿ. ಮಧ್ಯಾಹ್ನ ಮೂರಕ್ಕೆ ಶೆಡ್ ನಡುವೆ ನಿಂತು ಒಂದು ದೊಡ್ಡ ರಟ್ಟು ತಲೆ ಮೇಲೆ ಛತ್ರಿ ಥರ ಹಿಡೀರಿ. ತಲೆಗೆ, ಭುಜಕ್ಕೆ ಆ ಕ್ಷಣವೇ ಹಾಯ್ ಅನಿಸಿತಾ? ಹಾಗಾದರೆ ನಿಮ್ಮನ್ನು ಸುಡ್ತಿರೋದು ಬರೀ ಬಿಸಿ ಗಾಳಿಯಲ್ಲ, ತಗಡಿನ ಝಳ. ರೊಟ್ಟಿ ಹಂಚಿನ ಹತ್ತಿರ ಮುಖ ಒಯ್ದ ಹಾಗೆ. ಫ್ಯಾನ್, ಕೂಲರ್ ಗಾಳಿಯನ್ನು ಮಾತ್ರ ನೋಡಿಕೊಳ್ಳುತ್ತವೆ. ಝಳಕ್ಕೆ ನೆರಳೇ ಮದ್ದು.

ಹೆಚ್ಚಿನವರು ತಗಡು ಕಾದ ಮೇಲೆ ಒಳಗಿನಿಂದ ಏನೋ ಅಂಟಿಸೋಕೆ ಹೋಗ್ತಾರೆ. ತಗಡು ಕಾಯದ ಹಾಗೆ ಮೇಲಿನಿಂದಲೇ ತಡೆಯೋದು ಸುಲಭ, ಅಗ್ಗ ಕೂಡ. ತಗಡಿನ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಪೈಪಿನ ಚೌಕಟ್ಟು ಮಾಡಿ, ನರ್ಸರಿಯವರು ಕಟ್ಟೋ ಶೇಡ್ ನೆಟ್ ಕಟ್ಟಿ. 75 ಪರ್ಸೆಂಟ್ ಅಂತ ಕೇಳಿ. ಹಸಿರಿಗಿಂತ ಬಿಳಿ ಸಿಕ್ಕರೆ ಒಳ್ಳೇದು. ತಗಡಿಗೆ ತಾಗಿಸಿ ಮಾತ್ರ ಕಟ್ಟಬೇಡಿ. ನೆಟ್ ಕಾದರೂ ನಡುವಿನ ಗಾಳಿ ಆ ಬಿಸಿಯನ್ನು ಹೊತ್ತೊಯ್ಯಬೇಕು. ಅಂಚು ಎರಡೂ ಪಕ್ಕ ಎರಡೆರಡು ಅಡಿ ಆಚೆ ಬರಲಿ. ನೀವು ವೆಲ್ಡಿಂಗ್ ಬಲ್ಲವರು, ಅರ್ಧ ಖರ್ಚು ಅಲ್ಲೇ ಉಳೀತು.

ಆಮೇಲೆ ಆ ನೀಲಿ ಬಣ್ಣ. ಯಾರು ಕೊಡ್ತಾರೋ ಈ ಸಲಹೆ, ಊರ ತುಂಬಾ ನೀಲಿ ತಗಡು! ಗಾಢ ಬಣ್ಣ ಬಿಸಿಲನ್ನು ಕುಡಿಯುತ್ತೆ. ಬಿಳಿ ಕೂಲ್ ರೂಫ್ ಪೇಂಟ್ ಎರಡು ಕೋಟ್ ಹೊಡೆಯಿರಿ. ಅದಕ್ಕೆ ಮುಂಚೆ ತೊಳೆದು, ತುಕ್ಕು ಉಜ್ಜಿ, ಲೋಹದ ಪ್ರೈಮರ್ ಹಚ್ಚಿ. ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಬಳಿಯೋದು ಆರ್‌ಸಿಸಿ ಮೇಲೆ ಸರಿ. ತಗಡಿಗೆ ಅದು ಹಿಡಿಯೋದಿಲ್ಲ, ಪದರ ಪದರ ಎದ್ದು ಬರುತ್ತೆ. ಇದೇನೂ ಹೊಸ ಮಾತಲ್ಲ. ಅಹಮದಾಬಾದ್‌ನಲ್ಲಿ 2010ರ ಬಿಸಿಗಾಳಿಗೆ ಜನ ಸತ್ತ ಮೇಲೆ 2013ರಲ್ಲಿ ಬಿಸಿಲಿಗೆ ಅಂತಲೇ ಯೋಜನೆ ಮಾಡಿದರು. ಬಡವರ ಮನೆ ಮಾಳಿಗೆಗೆ ಬಿಳಿ ಬಳಿಯೋ ಕೆಲಸ ಆಮೇಲೆ ಅದಕ್ಕೇ ಸೇರಿತು. ನಮ್ಮ ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿದೆ. ನಾವು ನೀಲಿ ಹಾಕ್ಕೊಂಡು ಕೂತಿದ್ದೀವಿ.

ಮೂರನೇದು ಗಾಳಿ. ಬಿಸಿ ಗಾಳಿ ಮೇಲೇ ನಿಲ್ಲುತ್ತೆ, ಅದಕ್ಕೆ ಬಾಗಿಲು ಬೇಕು. ಹಿಂದಿನ ಓಣಿ ಗೋಡೆಯಲ್ಲಿ ಆದಷ್ಟು ಎತ್ತರಕ್ಕೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್. ಮುಂದೆ ಶಟರ್ ಒಂದೂವರೆ ಅಡಿ ಎತ್ತಿ, ಆ ಸಂದಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿ. ನಮ್ಮ ಕಡೆ ಗಾಳಿ ಒಣಗಿರುತ್ತೆ, ನೀರು ಬೇಗ ಆರುತ್ತೆ, ಗಾಳಿ ತಂಪಾಗಿ ಒಳಗೆ ಬರುತ್ತೆ. ಎಕ್ಸಾಸ್ಟ್ ಇಲ್ಲದೆ ಬರೀ ಕೂಲರ್ ಇಟ್ಟರೆ ಒಳಗೆ ಹಸಿ ತುಂಬಿ, ನಿಮ್ಮ ಪಾನಾ ಎಲ್ಲ ತುಕ್ಕು ಹಿಡೀತಾವೆ.

ಇನ್ನೊಂದು. ಮಗ ಕಾರ್ ತಂದ ಕೂಡಲೇ ಒಳಗೆ ಹಾಕ್ತಾರಾ? ಇಂಜಿನ್ ಆರೋವರೆಗೆ ಹೊರಗೇ ನಿಲ್ಲಲಿ. ಕಾದ ಇಂಜಿನ್ ಒಳಗೆ ತಂದರೆ ಒಂದು ಒಲೆ ತಂದಿಟ್ಟ ಹಾಗೇ.

*

ಕುಡ್ಲದ_ಹೆಂಚು (ಮಂಗಳೂರು)

ಲಾವಂಚದ ತಟ್ಟಿ ವಿಷಯ ಓದುವಾಗ ಹೊಟ್ಟೆಕಿಚ್ಚಾಯಿತು ಮಾರಾಯ್ರೇ. ನಮ್ಮಲ್ಲಿ 34 ಡಿಗ್ರಿಯೇ ಇರುವುದು, ಆದರೆ ಗಾಳಿಯನ್ನು ಹಿಂಡಿದರೆ ಒಂದು ಚೊಂಬು ನೀರು ಸಿಗುತ್ತದೆ. ಒಮ್ಮೆ ಗ್ಯಾರೇಜಿಗೆ ಕೂಲರ್ ತಂದೆ. ಮೂರು ದಿನದಲ್ಲಿ ಕಾರಿನ ಸೀಟಿಗೆ ಬೂಸಲು ಬಂತು. ಕರಾವಳಿಯವರು ಇದನ್ನು ಓದಿ ಕೂಲರ್ ತರಲು ಹೋಗಬೇಡಿ. ನಾನು ಹೆಂಚು ಹಾಕಿಸಿದ್ದೇನೆ. ಹೆಂಚಿನ ಸಂದಿನಲ್ಲಿ ಬಿಸಿ ತಾನೇ ಹೊರಗೆ ಹೋಗುತ್ತದೆ. ನಿಮಗೂ ಹೆಂಚು ಆಗಬಹುದಾ?

*

ಸ್ಪ್ಯಾನರ್_ಕಾಕಾ

ಹೆಂಚಿನ ಭಾರ ಈ ಪೈಪುಗಳು ತಡೆಯೋದಿಲ್ಲ. ಮೇಲೆ ಮಂಗಗಳ ದಂಡು ಬೇರೆ ಇದೆ. ಹೆಂಚು ನಾನು ಹೊದಿಸಬೇಕು, ಅವು ಎಣಿಸಿ ಎಣಿಸಿ ಒಗೀಬೇಕು.

ರಾಯಚೂರಿನ ತಮ್ಮಾ, ರಟ್ಟಿನ ಪರೀಕ್ಷೆ ಈಗಷ್ಟೇ ಮಾಡಿದೆ. ನೀನು ಹೇಳಿದ್ದು ಖರೆ. ರಟ್ಟು ಹಿಡಿದರೆ ನೆತ್ತಿ ತಣ್ಣಗಾಗುತ್ತೆ, ತೆಗೆದರೆ ಚುರುಗುಟ್ಟುತ್ತೆ. ನಾಲ್ಕು ಸಲ ಹಿಡಿದು ತೆಗೆದು ನೋಡ್ತಿದ್ದೆ. ಮನೆಯವರು ಬಾಗಿಲಲ್ಲಿ ನಿಂತು, "ಬಿಸಲು ನೆತ್ತಿಗೇರ್ಯದ" ಅಂತ ಮಜ್ಜಿಗೆ ತಂದುಕೊಟ್ಟರು.

*

ಗುಮ್ಮಟ_ನಗರಿ (ವಿಜಯಪುರ)

ಅಣ್ಣಾ, ಬಿಸಿಲಿನ ಮಾತು ಅವರು ಹೇಳಿದ್ದಾರೆ. ನಾನು ಹುಳದ ಮಾತು ಹೇಳ್ತೀನಿ. ಆರೋಗ್ಯ ಇಲಾಖೆಯಲ್ಲಿ ಮನೆ ಮನೆ ತಿರುಗಿ ಲಾರ್ವಾ ಹುಡುಕೋದೇ ನನ್ನ ಕೆಲಸವಾಗಿತ್ತು. ಜನರ ಶೆಡ್ ನನಗೆ ಅವರಿಗಿಂತ ಜಾಸ್ತಿ ಗೊತ್ತು.

ಚೇಳಿನಿಂದ ಶುರು ಮಾಡ್ತೀನಿ. ಚೇಳು ನಿಮ್ಮ ಸ್ಪ್ಯಾನರ್‌ಗೆ ಬಂದಿದ್ದಲ್ಲ, ಜಿರಳೆಗೆ ಬಂದಿದ್ದು. ಅದರ ಊಟ ಅದು. ಜಿರಳೆ ಕಡಿಮೆಯಾಗದೆ ಚೇಳು ಹೋಗೋದಿಲ್ಲ. ಅಂಗಡಿಯಲ್ಲಿ ನೋಟು ಪರೀಕ್ಷೆ ಮಾಡೋ ನೀಲಿ ಟಾರ್ಚ್ ಇರುತ್ತಲ್ಲ, ಅದೊಂದು ತನ್ನಿ. ಕತ್ತಲಾದ ಮೇಲೆ ಎಲ್ಲ ಲೈಟ್ ಆರಿಸಿ, ಕಾಲಿಗೆ ಬೂಟು ಹಾಕ್ಕೊಂಡು, ಗೋಡೆ ಬುಡ, ಕಲ್ಲಿನ ಸಂದಿ, ಟಾಯರ್ ಹಿಂದೆ ಬಿಡಿ. ಚೇಳು ಇದ್ದರೆ ಹಸಿರಾಗಿ ಹೊಳೆಯುತ್ತೆ, ರೇಡಿಯಂ ಸ್ಟಿಕರ್ ಥರ. ಉದ್ದ ಇಕ್ಕಳದಲ್ಲಿ ಹಿಡಿದು ಡಬ್ಬಿಗೆ ಹಾಕಿ. ಕೈ ಬೇಡ.

ಕಡಿದರೆ ಏನು ಮಾಡಬೇಕು ಅನ್ನೋದೂ ಗೊತ್ತಿರಲಿ. ನಮ್ಮ ಕಡೆ ಕೆಂಪು ಚೇಳು ಇದೆ. ಸಣ್ಣದು, ಆದರೆ ಹೃದಯಕ್ಕೇ ಹೊಡೆತ. ಮಕ್ಕಳಿಗಂತೂ ಬಹಳ ಅಪಾಯ. ಹಗ್ಗ ಕಟ್ಟೋದು, ಕೊಯ್ಯೋದು, ಮಂತ್ರ ಹಾಕಿಸೋದು ಯಾವುದೂ ಬೇಡ. ಸೀದಾ ಆಸ್ಪತ್ರೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅಂತ ಇದ್ದಾರೆ. ರಕ್ತದ ಒತ್ತಡಕ್ಕೆ ಕೊಡುವ ಪ್ರಾಜೋಸಿನ್ ಮಾತ್ರೆ ಈ ಚೇಳಿನ ವಿಷಕ್ಕೆ ಕೆಲಸ ಮಾಡುತ್ತೆ ಅಂತ ತೋರಿಸಿಕೊಟ್ಟವರು. 2022ರಲ್ಲಿ ಪದ್ಮಶ್ರೀ ಬಂತು. ಚಿಕಿತ್ಸೆ ಇದೆ, ತಡ ಮಾಡದೆ ಹೋಗಬೇಕು ಅಷ್ಟೆ.

ಇನ್ನು ಸಂದಿಗಳು. ಶಟರ್ ಪೂರ್ತಿ ಇಳಿಸಿ, ಒಳಗೆ ಕತ್ತಲಲ್ಲಿ ನಿಂತು ಕೆಳಗೆ ನೋಡಿ. ಪರಸಿ ಏರುಪೇರು ಇರೋ ಕಡೆ ಬೆಳಕು ಕಾಣುತ್ತೆ. ಅದೇ ಅವುಗಳ ಹೆಬ್ಬಾಗಿಲು. ಪೆನ್ಸಿಲ್ ತೂರುವ ಸಂದಿ ಇದ್ದರೆ ಸುಂಡಿಲಿಗೂ ಸಾಕು. ಶಟರ್ ಅಂಚಿಗೆ ದಪ್ಪ ರಬ್ಬರ್ ಪಟ್ಟಿ, ಪಕ್ಕಕ್ಕೆ ಬ್ರಷ್ ಪಟ್ಟಿ. ಮೋರಿಗೆ ಹೋಗೋ ಪೈಪಿಗೆ ಜಾಲರಿ. ಜಿರಳೆಗೆ ನಾನು ಇವತ್ತಿಗೂ ಬೋರಿಕ್ ಪುಡಿ, ಗೋಧಿ ಹಿಟ್ಟು, ಸಕ್ಕರೆ ಕಲಸಿ ಕಡಲೆ ಗಾತ್ರದ ಉಂಡೆ ಮಾಡಿ ಇಡೋದು. ಆದರೆ ಮೊಮ್ಮಗಳಿದ್ದಾಳೆ ಅಂದ್ರಿ. ಅವಳಿಗೆ ಅದು ಸಿಹಿ ಉಂಡೆ ಥರಾನೇ ಕಾಣುತ್ತೆ. ಹಾಗಾಗಿ ನಿಮಗೆ ಅದು ಬೇಡ. ಟ್ಯೂಬಿನಲ್ಲಿ ಬರೋ ಜೆಲ್ ತಂದು ಅವಳ ಕೈಗೆ ಎಟುಕದ ಬಿರುಕಿನೊಳಗೆ ಚುಕ್ಕೆ ಇಡಿ.

ಕೂಲರ್ ವಿಷಯ ಬಹಳ ಜನ ತಪ್ಪು ತಿಳಿದಿದ್ದಾರೆ. ನೀರು ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆ ನೀರಿನ ಅಂಚಿನ ಮೇಲೆ ಮೊಟ್ಟೆ ಅಂಟಿಸಿ ಹೋಗುತ್ತೆ. ಒಣಗಿದರೂ ಅವು ತಿಂಗಳುಗಟ್ಟಲೆ ಸಾಯೋದಿಲ್ಲ. ಮುಂದಿನ ಬೇಸಿಗೆ ಮತ್ತೆ ನೀರು ತುಂಬಿದಿರೋ, ಹೊಸ ಸಂಸಾರ ಶುರು. ವಾರಕ್ಕೊಮ್ಮೆ ಖಾಲಿ ಮಾಡಿ, ತೊಟ್ಟಿಯ ಒಳಗೋಡೆಯನ್ನು ನಾರಿನಿಂದ ಗಸಗಸ ತಿಕ್ಕಬೇಕು. ವಾರ ಯಾಕೆ ಅಂದ್ರೆ, ಮೊಟ್ಟೆ ಹಾರುವ ಸೊಳ್ಳೆ ಆಗೋಕೆ ಏಳೆಂಟು ದಿನ ಸಾಕು. ಹಳೇ ಟಾಯರ್ ಇದ್ದರೆ ಗುಜರಿಗೆ ಕೊಡಿ. ಮೆಕ್ಯಾನಿಕ್ ಮನೆಯಲ್ಲಿ ಟಾಯರ್ ಇಲ್ಲ ಅಂದ್ರೆ ನಾನು ನಂಬೋದಿಲ್ಲ.

ಲೈಟು: ಶಟರ್ ನೆತ್ತಿ ಮೇಲಿನ ಬಿಳಿ ಟ್ಯೂಬ್ ತೆಗೀರಿ. ಬೆಂಚಿನ ಮೇಲೆ ಹಳದಿ ಎಲ್‌ಇಡಿ ಹಾಕಿ, ಅದಕ್ಕೆ ಹುಳ ಕಡಿಮೆ ಬರ್ತಾವೆ. ಆ ಬಿಳೀ ದೀಪ ಬೇಕೇ ಬೇಕು ಅಂದ್ರೆ ದೂರ ಗೇಟಿನ ಹತ್ತಿರ ಹಾಕಿ. ಹುಳಗಳ ಜಾತ್ರೆ ಅಲ್ಲೇ ನಡೆಯಲಿ.

ಬೇವಿನ ಸೊಪ್ಪಿನ ಹೊಗೆ ಹಾಕಿ ಅಂತ ಯಾರಾದರೂ ಬರೀತಾರೆ. ಪೆಟ್ರೋಲ್ ಇರೋ ಜಾಗದಲ್ಲಿ ಕೆಂಡ ಬೇಡಣ್ಣಾ.

*

ಸ್ಪ್ಯಾನರ್_ಕಾಕಾ

ಅಕ್ಕಾರೆ, ಟಾಯರ್ ಆರು ಇದ್ದವು. ಹೇಳಿ ಮರ್ಯಾದೆ ಕಳೆದಿರಿ. ನಾಳೆಯೇ ಗುಜರಿಗೆ.

*

ಸ್ಪ್ಯಾನರ್_ಕಾಕಾ (ಐದು ವಾರದ ಮೇಲೆ)

ಏನೇನಾಯ್ತು ಅಂತ ಹೇಳೋಕೆ ಬಂದೆ. ಕೇಳಿ ಸುಮ್ನಾಗೋದು ಸರಿಯಲ್ಲ ಅಲ್ವಾ.

ಮೊದಲ ವಾರ ನೆಟ್. ಡಿಪೋದ ಹಳೇ ಗೆಳೆಯನೊಬ್ಬ ಬಂದ. ಇಬ್ಬರೂ ಸೇರಿ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಎರಡು ದಿನ ಪೈಪು ಬೆಸೆದೆವು. ಬಿಳಿ ನೆಟ್ ಸಿಗಲಿಲ್ಲ, ಹಸಿರೇ ಹಾಕಿದೆ. ಅವತ್ತು ಮಧ್ಯಾಹ್ನ ಮೂರಕ್ಕೆ ಒಳಗೆ 43. ಹೊರಗೆ ಅದೇ 41. ಮೂರು ಡಿಗ್ರಿ ಏನು ಮಹಾ ಅನ್ನಬಹುದು. ಆದರೆ ನೆತ್ತಿ ಚುರುಗುಟ್ಟೋದು ನಿಂತಿತು. ರಟ್ಟು ಹಿಡಿದರೂ ತೆಗೆದರೂ ಒಂದೇ. ಆ ವ್ಯತ್ಯಾಸ ಥರ್ಮಾಮೀಟರ್‌ನಲ್ಲಿ ಕಾಣೋದಿಲ್ಲ, ಬೆಂಚಿನ ಮುಂದೆ ಕೂತವನಿಗೆ ಗೊತ್ತಾಗುತ್ತೆ.

ಎರಡನೇ ವಾರ ಬಿಳಿ ಪೇಂಟ್. ಇಲ್ಲಿ ಒಂದು ಎಡವಟ್ಟು ಮಾಡಿದೆ. ಮೊದಲು ನೆಟ್ ಕಟ್ಟಿ ಆಮೇಲೆ ಬಣ್ಣ ಹೊಡೆಯೋಕೆ ಹೋದೆ. ಒಂದೂವರೆ ಅಡಿ ಸಂದಿಯಲ್ಲಿ ಈ ವಯಸ್ಸಿಗೆ ಹೊಟ್ಟೆ ಮೇಲೆ ತೆವಳಬೇಕಾಯ್ತು. ನೀವು ಮಾಡೋದಾದರೆ ಮೊದಲು ಬಣ್ಣ, ಆಮೇಲೆ ನೆಟ್. ಅರ್ಧ ತಗಡಿಗೆ ಹೊಡೆದು ಆ ದಿನ ಬಿಟ್ಟೆ. ಮಾರನೇ ದಿನ ಮಧ್ಯಾಹ್ನ ಒಳಗಿನಿಂದ ಕೈ ಇಟ್ಟು ನೋಡಿದೆ. ನೀಲಿ ಕಡೆ ಐದು ಎಣಿಸೋದರೊಳಗೆ ಕೈ ತೆಗೀಬೇಕಿತ್ತು. ಬಿಳಿ ಕಡೆ ಸುಮ್ನೆ ಇಟ್ಟುಕೊಂಡೇ ನಿಂತೆ.

ಎಕ್ಸಾಸ್ಟ್ ಹಾಕಿದೆ, ಹಿಂದೆ ಜಾಲರಿ ಸಮೇತ. ಜಾಲರಿಗೆ ನಮ್ಮೂರ ಧೂಳು ನಾಲ್ಕು ದಿನಕ್ಕೇ ಕಟ್ಟಿಕೊಳ್ಳುತ್ತೆ, ಹಳೇ ಟೂತ್ ಬ್ರಷ್‌ನಲ್ಲಿ ತಿಕ್ಕಬೇಕು. ಲಾವಂಚದ ತಟ್ಟಿಯ ವಾಸನೆಗೆ ಮನೆಯವರು ಸೋತುಬಿಟ್ಟರು. ಈಗ ಮಧ್ಯಾಹ್ನ ತಟ್ಟಿ ಮುಂದೆ ಚಾಪೆ ಹಾಕಿ, ಸೊಪ್ಪು ಸೋಸೋದು, ಬೆಳ್ಳುಳ್ಳಿ ಬಿಡಿಸೋದು ಎಲ್ಲ ಅಲ್ಲೇ. ಡಿಪೋ ಅನ್ನೋ ಮಾತು ಈಗ ಬರ್ತಿಲ್ಲ. ತಟ್ಟಿ ಹಸಿ ಇದ್ದಾಗ 39ರ ಆಸುಪಾಸು. ಪಾನಾಗಳಿಗೆ ಎಣ್ಣೆ ಬಟ್ಟೆ ಒರೆಸಿ ಡಬ್ಬಿ ಮುಚ್ಚಿಡ್ತೀನಿ. ಹೊಸ ಬ್ಯಾಟರಿ ಮನೆ ಒಳಗಿನ ಪಡಸಾಲೆಗೆ ಹೋಯ್ತು, ಕಿಟಕಿ ಪಕ್ಕ, ಗಾಳಿ ಆಡೋ ಕಡೆ. ಎಲ್ಲ ಸೇರಿ 9 ಸಾವಿರ ದಾಟಲಿಲ್ಲ.

ನೀಲಿ ಟಾರ್ಚ್ ಮಾತು ಹೇಳಲೇಬೇಕು. ತಂದ ರಾತ್ರಿಯೇ ಲೈಟ್ ಆರಿಸಿ ಹೊರಟೆ. ಬೆಂಚು, ಗೋಡೆ, ಏನೂ ಇಲ್ಲ. ಅಕ್ಕಾರು ಸುಮ್ನೆ ಹೆದರಿಸಿದರು ಅಂದುಕೊಂಡೆ. ಮೂಲೆಯಲ್ಲಿ ಮನೆ ಕಟ್ಟಿದಾಗ ಉಳಿದ ಪರಸಿ ಕಲ್ಲು ಗೋಡೆಗೆ ಒರಗಿಸಿಟ್ಟಿದ್ದೆ, ಹತ್ತು ಹನ್ನೆರಡು. ಮೊದಲನೇದನ್ನು ಸಬ್ಬಲ್‌ನಿಂದ ಎಳೆದು ಟಾರ್ಚ್ ಬಿಟ್ಟೆ. ಹಸಿರು. ಒಂದಲ್ಲ, ಮೂರು. ಒಂದರ ಬೆನ್ನ ಮೇಲೆ ಅಕ್ಕಿ ಕಾಳಿನಷ್ಟು ದೊಡ್ಡ ಮರಿಗಳು ಒತ್ತೊತ್ತಾಗಿ ಕೂತಿದ್ದವು. ಟಾರ್ಚ್ ಹಿಡಿದ ಕೈ ನಡುಗಿತು, ಸುಳ್ಳು ಯಾಕೆ ಹೇಳಲಿ. ಮೂರೂ ಡಬ್ಬಿಗೆ ಹೋದವು, ಕಲ್ಲುಗಳು ಮರುದಿನವೇ ಮನೆ ಬಿಟ್ಟು ಹೋದವು. ಆ ಮೇಲೆ ವಾರಕ್ಕೆರಡು ಸಲ ನೋಡ್ತೀನಿ. ಇನ್ನೂ ಒಂದು ಸಿಕ್ಕಿದ್ದು ಹೊರಗೆ ಮೋರಿ ಹತ್ತಿರ. ಒಳಗೆ ಇಲ್ಲ.

ಕಣಜ ಮಾತ್ರ ನನ್ನ ಮಾತು ಕೇಳಲಿಲ್ಲ. ಶಟರ್ ಎತ್ತಿದ ಸಂದಿಯಲ್ಲೇ ಬರುತ್ತೆ. ಬಿಚ್ಚಿಟ್ಟ ಪ್ರತಿ ತೂತಿಗೂ ಬಟ್ಟೆ ತುಂಡು ತುರುಕಿಡ್ತೀನಿ ಈಗ. ಅದು ಪಾಪ, ಎಕ್ಸಾಸ್ಟ್ ಸ್ವಿಚ್ ಬೋರ್ಡಿನ ತೂತು ಹುಡುಕಿಕೊಂಡಿದೆ.

ಮೊನ್ನೆ ರೋಹಿಣಿ ಮಳೆ ಬಿತ್ತು, ಅರ್ಧ ತಾಸು. ಕತ್ತಲಾಗುತ್ತಲೇ ಮಳೆಹುಳ ಎದ್ದವು. ಗೇಟಿನ ಬಿಳೀ ದೀಪದ ಸುತ್ತ ಎಷ್ಟು ಅಂದ್ರೆ ದೀಪವೇ ಕಾಣಲಿಲ್ಲ. ಶೆಡ್ ಒಳಗೆ ಹಳದಿ ದೀಪಕ್ಕೆ ಹತ್ತಿಪ್ಪತ್ತು. ಮೊಮ್ಮಗಳು ಗೇಟಿನ ದೀಪದ ಕೆಳಗೆ ಒಂದು ಬುಟ್ಟಿ ನೀರು ಇಡಿಸಿಕೊಂಡು ಬಿದ್ದ ರೆಕ್ಕೆ ಎಣಿಸ್ತಿದ್ದಳು. ಅವಳಿಗೆ ಇಪ್ಪತ್ತರವರೆಗೆ ಬರುತ್ತೆ. ಆಮೇಲೆ ಮತ್ತೆ ಒಂದರಿಂದ.

ಈಗ ಒಂದು ಕೊನೇ ಪ್ರಶ್ನೆ, ರಾಯಚೂರಿನ ತಮ್ಮನಿಗೆ. ಆ ಮಳೆ ಜೊತೆ ಬಂದ ಗಾಳಿಗೆ ನೆಟ್ ಹಾಯಿ ಥರ ಉಬ್ಬಿತು, ಒಂದು ಮೂಲೆ ಕಿತ್ತು ಬಂತು. ಮಳೆಗಾಲಕ್ಕೆ ಬಿಚ್ಚಿಡಬೇಕಾ?

*

ರಾಯಚೂರು_ಶೀಟ್

ಬಿಚ್ಚಿಡಿ ಅಣ್ಣಾರೆ, ಮಿರಗದ ಮಳೆಗೆ ಮುಂಚೆಯೇ. ಗಾಳಿ ನೆಟ್ ಒಂದನ್ನೇ ಒಯ್ಯೋದಿಲ್ಲ, ಪೈಪು ಎಳೆದು ತಗಡಿನ ಸ್ಕ್ರೂ ಸಡಿಲ ಮಾಡುತ್ತೆ, ಆಮೇಲೆ ಸೋರುತ್ತೆ. ಒಗೆದು ಒಣಗಿಸಿ, ಸುತ್ತಿ, ಇಲಿ ಬಾರದ ಡ್ರಮ್‌ನಲ್ಲಿಡಿ. ಮುಂದಿನ ಸಲ ಕಟ್ಟುವಾಗ ಹಗ್ಗ ಬೇಡ. ಸೈಕಲ್ ಟ್ಯೂಬ್ ಉದ್ದುದ್ದ ಸೀಳಿ ಅದರಿಂದ ಕಟ್ಟಿ. ಗಾಳಿ ಬಂದಾಗ ಜಗ್ಗುತ್ತೆ, ಹರಿಯೋದಿಲ್ಲ. ಟ್ಯೂಬಾದ್ರೂ ಉಳಿಸ್ಕೊಂಡಿದ್ದೀರಾ, ಅದೂ ಗುಜರಿಗೆ ಹೋಯ್ತಾ?

*

ಸ್ಪ್ಯಾನರ್_ಕಾಕಾ

ಟ್ಯೂಬ್ ಕೊಟ್ಟಿಲ್ಲ. ಅಕ್ಕಾರು ಟಾಯರ್ ಅಂದಿದ್ದರು, ಟ್ಯೂಬ್ ಅಂದಿರಲಿಲ್ಲ.